ಬಳ್ಳಾರಿ ಸೀಮೆಯ ಧರ್ಮಾಶ್ರಿತ ವಿದ್ಯಾಶಾಲೆಗಳು ಮತ್ತು ಪೌರಧರ್ಮದ ಅಭ್ಯಾಸ

ಬಳ್ಳಾರಿಯ ವಿದ್ಯಾಚರಿತ್ರೆಯನ್ನು ಬರೆಯಹೊರಟವನು ದತ್ತಮಂಡಲಗಳ ಕಾಲದಿಂದಲೇ ಆರಂಭಿಸಬೇಕಾಗುತ್ತದೆ. 1800ರಲ್ಲಿ ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟುದರಿಂದಲೇ ಈ ಸೀಮೆಗೆ ಆ ಹೆಸರು. ಥಾಮಸ್ ಮನ್ರೋ ಸಾಹೇಬರು ಅದರ ಪ್ರಧಾನ ಕಲೆಕ್ಟರಾಗಿ ಬಂದರು. ಕೋಟೆಯ ಬುಡದಲ್ಲಿ ದಂಡು ಬೆಳೆಯಿತು. ದಂಡಿನ ಬೆನ್ನಿಗೆ ಕನ್ನಡ, ತೆಲುಗು, ಉರ್ದು, ತಮಿಳುಗಳನ್ನಾಡುವ ವರ್ತಕರೂ ಕಸಬುದಾರರೂ ಕೂಲಿಕಾರರೂ ಬಂದು ಕೌಲ್ ಬಜಾರು, ಬ್ರೂಸ್‌ಪೇಟೆಗಳಲ್ಲಿ ನೆಲೆಯೂರಿದರು. ಹೀಗೆ ಹಲವು ಮತ, ಹಲವು ಭಾಷೆ, ಹಲವು ಕುಲಗಳ ಜನ ಒಂದೇ ಬಾವಿಯ ನೀರಿಗೂ ಒಂದೇ ಸಂತೆಯ ಕಾಳಿಗೂ ಬರುವಂತಾದ ಊರಿನಲ್ಲಿ, ಪರಸ್ಪರ ಗೌರವವೆಂಬುದು ಸದ್ಗುಣವಾಗುವುದಕ್ಕೆ ಮುಂಚೆ ನಿತ್ಯದ ಅಗತ್ಯವಾಗಿದ್ದಿತು. ಅಂಥ ಊರಿಗೆ ಹೊಸ ಬಗೆಯ ಶಾಲೆಗಳನ್ನು ಮೊದಲು ತಂದವರು ಸರಕಾರದವರಲ್ಲ, ಧರ್ಮಸಂಸ್ಥೆಯವರು ಎಂಬುದು ಈ ಚರಿತ್ರೆಯಲ್ಲಿ ಮನಗಾಣಬೇಕಾದ ಮೊದಲ ಸಂಗತಿ.

ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಪಾದ್ರಿಗಳು ಬಳ್ಳಾರಿಗೆ ಬಂದುದು 1810ರಲ್ಲಿ. ಅವರು ಕನ್ನಡವನ್ನು ಶ್ರದ್ಧೆಯಿಂದ ಕಲಿತು ಬೈಬಲಿನ ಅನುವಾದಕ್ಕೆ ಕೈಹಾಕಿದರು. ಅವರ ಸಹೋದ್ಯೋಗಿಗಳಾದ ವಿಲಿಯಂ ರೀವ್ ಅವರು ಆ ಅನುವಾದದಲ್ಲಿ ನೆರವಾದುದಲ್ಲದೆ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟೊಂದನ್ನು ಪ್ರಕಟಿಸಿ, ಕಿಟ್ಟೆಲರ ಮಹಾಕೋಶಕ್ಕಿಂತ ಅರವತ್ತು ವರ್ಷಗಳಿಗೂ ಮೊದಲೇ ನಮ್ಮ ನುಡಿಗೆ ದೊಡ್ಡ ಸೇವೆಯನ್ನು ಸಲ್ಲಿಸಿದರು. ಇವರ ಉದ್ದೇಶ ಮತಪ್ರಚಾರವಾಗಿದ್ದಿತೆಂಬುದನ್ನು ಇವರೇ ಮರೆಮಾಚಲಿಲ್ಲ, ನಾವೂ ಮರೆಮಾಚಬೇಕಾದುದಿಲ್ಲ. ಆದರೆ ಉದ್ದೇಶವೊಂದಾಗಿದ್ದು ಫಲವು ಮತ್ತೊಂದಾಗುವುದು, ಅಥವಾ ಉದ್ದೇಶಿಸಿದ ಫಲದ ಜೊತೆಗೆ ಉದ್ದೇಶಿಸದಿದ್ದ ಫಲವೂ ಕೈಗೂಡುವುದು ಸಂಸ್ಥೆಗಳ ಬಾಳಿನಲ್ಲಿ ಅಪರೂಪವೇನಲ್ಲ.

ಅದೇ ಮಿಶನ್ನಿನ ಜಾನ್ ಸ್ಮಿತ್ ವಾರ್ಡ್ಲಾ ಅವರು 1846ರಲ್ಲಿ ಸ್ಥಾಪಿಸಿದ ಶಾಲೆಯೇ ಇಂದಿಗೂ ಊರಿನವರು ‘ವಾರ್ಡ್ಲಾ’ ಎಂಬ ಒಂದೇ ಮಾತಿನಿಂದ ಗುರುತಿಸುವ ವಿದ್ಯಾಸಂಸ್ಥೆ. ಪ್ರೌಢಶಾಲೆಯಾಗಿ ಬೆಳೆದು, ಮದರಾಸು ಅಧಿಪತ್ಯದ ದಿನಗಳಲ್ಲಿ ಎರಡನೆಯ ದರ್ಜೆಯ ಕಾಲೇಜಾಗಿಯೂ ನಡೆದು, 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯು ಏರ್ಪಟ್ಟಮೇಲೆ ಆ ಸಭೆಯ ಆಶ್ರಯಕ್ಕೆ ಬಂದ ಈ ಶಾಲೆಯು, ಜಿಲ್ಲೆಯ ಎಷ್ಟೋ ತಲೆಮಾರುಗಳ ವಕೀಲರಿಗೆ, ವೈದ್ಯರಿಗೆ, ಗುಮಾಸ್ತರಿಗೆ, ಉಪಾಧ್ಯಾಯರಿಗೆ ಇಂಗ್ಲಿಷ್ ವಿದ್ಯೆಯ ಹೆಬ್ಬಾಗಿಲಾಗಿದ್ದಿತು. ಕ್ರೈಸ್ತರು ನಡೆಸಿದ ಈ ಶಾಲೆಯಲ್ಲಿ ಓದಿದವರಲ್ಲಿ ಬಹುಮಂದಿ ಕ್ರೈಸ್ತರಲ್ಲ ಎಂಬುದರಲ್ಲಿಯೇ ನಾನು ಹೇಳಹೊರಟಿರುವ ವಿಷಯದ ತಿರುಳಿದೆ.

ಒಂದು ಧರ್ಮದವರು ನಡೆಸುವ ಶಾಲೆಯಲ್ಲಿ ಅದೇ ಧರ್ಮದ ಮಕ್ಕಳಷ್ಟೇ ಓದುವುದಾದರೆ, ಅಲ್ಲಿ ಪರಮತ ಗೌರವವು ಪಾಠವಾಗಬಹುದೇ ಹೊರತು ಪರೀಕ್ಷೆಗೆ ಒಳಗಾಗಲಾರದು. ನಡೆಸುವವರು ಒಂದು ಮತದವರೂ ಓದುವವರು ನಾನಾ ಮತದವರೂ ಆದಾಗ ಮಾತ್ರ, ನಡೆಸುವವನಿಗೆ ತನ್ನ ಶ್ರದ್ಧೆಯನ್ನು ಬಿಡದೆಯೇ ಪರರ ಶ್ರದ್ಧೆಗೆ ನೋವಾಗದಂತೆ ಮಾತನಾಡುವ ಸಂಯಮವೂ, ಓದುವವನಿಗೆ ತನ್ನದಲ್ಲದ ಪ್ರಾರ್ಥನೆಯ ಮುಂದೆ ತಲೆಯನ್ನು ಬಾಗಿಸದೆಯೂ ತಿರಸ್ಕಾರವನ್ನು ತೋರದೆಯೂ ನಿಲ್ಲುವ ಶಿಸ್ತೂ ಕೂಡಿಯೇ ಅಭ್ಯಾಸವಾಗುತ್ತವೆ. ಬಳ್ಳಾರಿಯ ಧರ್ಮಾಶ್ರಿತ ಶಾಲೆಗಳು, ಅವು ಕ್ರೈಸ್ತರವಾಗಲಿ ವೀರಶೈವರವಾಗಲಿ, ಊರಿಗೆ ಮಾಡಿದ ಉಪಕಾರಗಳಲ್ಲಿ ಇದೇ ಹಿರಿದಾದುದೆಂದು ನನ್ನ ನಿಶ್ಚಯ.

ಇದು ತಾನಾಗಿಯೇ ಆದುದಲ್ಲ. 1854ರಲ್ಲಿ ಹೊರಟ ವುಡ್ ಸಾಹೇಬರ ಶಿಕ್ಷಣ ಸನ್ನದಿನಲ್ಲಿ, ಖಾಸಗಿ ಶಾಲೆಗಳಿಗೆ ಸರಕಾರವು ಸಹಾಯಧನ ಕೊಡಬೇಕೆಂದೂ, ಕೊಡುವಾಗ ಲೌಕಿಕ ವಿದ್ಯೆಯ ಮಟ್ಟವನ್ನಷ್ಟೇ ನೋಡಬೇಕೆಂದೂ, ಅಲ್ಲಿ ನಡೆಯುವ ಮತಬೋಧೆಯನ್ನು ಇನ್‌ಸ್ಪೆಕ್ಟರು ಪರಿಗಣಿಸಕೂಡದೆಂದೂ ವಿಧಿಸಲಾಗಿದ್ದಿತು. ಇದರಿಂದ ಮಿಶನ್ ಶಾಲೆಗಳಿಗೆ ಅನುಕೂಲವಾಯಿತು. ಆದರೆ ಸಾರ್ವಜನಿಕರ ಹಣ ಬಂದಲ್ಲಿ ಸಾರ್ವಜನಿಕರ ಪ್ರಶ್ನೆಯೂ ಬರುವುದು ನ್ಯಾಯವೇ. ದಿನದ ಮೊದಲ ಗಂಟೆಯಲ್ಲಿ ಸತ್ಯವೇದದ ಪಾಠಕ್ಕೆ ಅನ್ಯಮತದ ಹುಡುಗನು ಕೂಡಬೇಕೆ, ಕೂಡದಿದ್ದರೆ ಅವನಿಗೆ ಶಾಲೆಯಲ್ಲಿ ಎಡೆಯುಂಟೆ, ತಂದೆ ತಾಯಿಗಳ ಒಪ್ಪಿಗೆಯಿಲ್ಲದೆ ಮಗುವಿಗೆ ಮತಬೋಧೆ ಮಾಡುವುದು ಸಾಧುವೆ ಎಂಬ ವಾದವು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ದೇಶದಲ್ಲೆಲ್ಲ ನಡೆದು, ‘ಅಂತಃಸಾಕ್ಷಿಯ ನಿಬಂಧನೆ’ ಎಂಬ ಬೇಡಿಕೆಯಾಗಿ ರೂಪುಗೊಂಡಿತು. ಬಲವಂತದಿಂದ ಕಲಿಸಿದ ಭಕ್ತಿಯು ಭಕ್ತಿಯೇ ಅಲ್ಲವೆಂದು ಎಲ್ಲ ಧರ್ಮಗಳ ಹಿರಿಯರೂ ಹೇಳಿರುವುದರಿಂದ, ಈ ಬೇಡಿಕೆಯು ಧರ್ಮವಿರೋಧಿಯಾದುದಲ್ಲ, ಧರ್ಮಕ್ಕೆ ಗೌರವ ತರುವಂಥದು.

ಜಾತಿಯ ವಿಷಯದಲ್ಲಿ ಮಿಶನ್ ಶಾಲೆಗಳು ಹಿಡಿದ ಹಟವನ್ನು ಇಲ್ಲಿ ನೆನೆಯದಿರುವುದು ಕೃತಘ್ನತೆಯಾದೀತು. ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ಮಕ್ಕಳನ್ನು ಸೇರಿಸಿಕೊಂಡುದಕ್ಕಾಗಿ ಮೇಲ್ಜಾತಿಯ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದ ಪ್ರಸಂಗಗಳು ಮದರಾಸು ಅಧಿಪತ್ಯದ ಹಲವೆಡೆಗಳಲ್ಲಿ ನಡೆದಿವೆ. ಆದಾಯವೂ ಹಾಜರಿಯೂ ಕುಂದಿದರೂ ಒಂದೇ ಹಲಗೆಯ ಮೇಲೆ ಎಲ್ಲರನ್ನೂ ಕೂಡಿಸುವ ನಿಯಮವನ್ನು ಸಡಿಲಿಸದ ಉಪಾಧ್ಯಾಯರು ಆ ಕಾಲದಲ್ಲಿದ್ದರು. ಸಮಾನತೆಯ ಕುರಿತಾದ ನೂರು ಉಪನ್ಯಾಸಗಳಿಗಿಂತ ಆ ಹಲಗೆಯೊಂದು ಹೆಚ್ಚು ಕಲಿಸಿತು. ಪೌರನೀತಿಯೆಂಬ ಹೆಸರಿನ ಪಾಠ ಪಠ್ಯಕ್ರಮಕ್ಕೆ ಸೇರುವುದಕ್ಕೆ ಮುಂಚೆಯೇ ಪೌರನೀತಿಯು ಪಾಠಶಾಲೆಗೆ ಬಂದುದು ಇಂಥ ಹಾದಿಗಳಿಂದ.

ಇನ್ನು 1916ರ ಮಾತು. ಆ ವರ್ಷವು ಕನ್ನಡ ನಾಡಿನ ವಿದ್ಯಾಚರಿತ್ರೆಯಲ್ಲಿ ಪುಣ್ಯವತ್ಸರ. ಬೆಳಗಾವಿಯಲ್ಲಿ ‘ಸಪ್ತರ್ಷಿ’ಗಳೆಂದು ಕೀರ್ತಿತರಾದ ಏಳು ಮಂದಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರು, ದತ್ತಮಂಡಲಗಳಿಗೆಂದು ಅನಂತಪುರದಲ್ಲಿ ಸರಕಾರಿ ಕಾಲೇಜು ತೆರೆಯಿತು, ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. ಅದಕ್ಕೆ ಹನ್ನೆರಡು ವರ್ಷಗಳ ಹಿಂದೆ, 1904ರಲ್ಲಿ, ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ನೆರೆದಾಗಲೇ, ಸಮಾಜದ ಉದ್ಧಾರಕ್ಕೆ ವಿದ್ಯೆಯೇ ದಾರಿಯೆಂಬ ತಿಳಿವು ಮಠಗಳಲ್ಲಿಯೂ ಮನೆಗಳಲ್ಲಿಯೂ ಹಬ್ಬಿದ್ದಿತು. ತಮ್ಮವರ ಮಕ್ಕಳು ತಮ್ಮ ಸಂಸ್ಕಾರವನ್ನು ಕಳೆದುಕೊಳ್ಳದೆ ಹೊಸ ವಿದ್ಯೆಯನ್ನು ಗಳಿಸಬೇಕೆಂಬ ಹಂಬಲವೇ ಇಂಥ ಸಂಘಗಳ ಮೂಲವೆಂಬುದು ನಿಜ. ಆದರೆ ಬಳ್ಳಾರಿಯ ಸಂಘವು ಬೆಳೆಯುತ್ತ ಬೆಳೆಯುತ್ತ ‘ತಮ್ಮವರು’ ಎಂಬ ಆ ವಲಯವನ್ನು ಊರಿನ ಮೇರೆಯವರೆಗೂ ವಿಸ್ತರಿಸಿಕೊಂಡುದು ಅದರ ಹಿರಿಮೆ. 1945ರಲ್ಲಿ ಅದು ವೀರಶೈವ ಕಾಲೇಜನ್ನು ತೆರೆದಾಗ, ಪದವಿಗಾಗಿ ಅನಂತಪುರಕ್ಕೋ ಮದರಾಸಿಗೋ ಹೋಗಲು ಅನುಕೂಲವಿಲ್ಲದಿದ್ದ ಎಲ್ಲ ಕುಲಗಳ ಮಕ್ಕಳಿಗೂ ಊರಿನಲ್ಲಿಯೇ ಉಚ್ಚ ವಿದ್ಯೆ ದೊರಕುವಂತಾಯಿತು. 1980ರಲ್ಲಿ ಬಂದ ಎಂಜಿನಿಯರಿಂಗ್ ಕಾಲೇಜು ಇಂದು ರಾವ್ ಬಹಾದ್ದೂರ್ ವೈ. ಮಹಾಬಲೇಶ್ವರಪ್ಪನವರ ಹೆಸರನ್ನು ಹೊತ್ತಿದೆ. ಮಹಿಳಾ ಕಾಲೇಜು ಅಲ್ಲಂ ಸುಮಂಗಳಮ್ಮನವರ ಸ್ಮಾರಕವಾಗಿ ನಿಂತಿದೆ.

ಶರಣಪರಂಪರೆಯು ವಿದ್ಯಾಸಂಸ್ಥೆಗಳಿಗೆ ಕೊಟ್ಟ ವಿಶೇಷ ಕೊಡುಗೆಯೆಂದರೆ ಪ್ರಸಾದ ನಿಲಯ. ಹನ್ನೆರಡನೆಯ ಶತಮಾನದ ಶರಣರು ಸಾರಿದ ಕಾಯಕ ದಾಸೋಹಗಳ ತತ್ತ್ವವನ್ನು ತರಗತಿಯಲ್ಲಿ ಎಷ್ಟು ಬಾರಿ ಬಣ್ಣಿಸಿದರೂ, ಪಂಕ್ತಿಯಲ್ಲಿ ಕುಳಿತು ಊಟಮಾಡಿ, ತಟ್ಟೆಯನ್ನು ತಾನೇ ತೊಳೆದು, ತನ್ನ ಸರದಿ ಬಂದಾಗ ಉಳಿದವರಿಗೆ ಬಡಿಸಿದ ಹುಡುಗನಿಗಾಗುವಷ್ಟು ಅರಿವು ಕೇಳಿದವನಿಗೆ ಆಗದು. ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಳ್ಳಾರಿಗೆ ಬಂದ ಬಡ ಹುಡುಗರಿಗೆ, ತಲೆಯ ಮೇಲೊಂದು ಸೂರೂ ಹೊತ್ತಿಗೊಂದು ಊಟವೂ ಇಲ್ಲದಿದ್ದರೆ ಶಾಲೆಯ ಬಾಗಿಲು ತೆರೆದಿದ್ದೂ ಮುಚ್ಚಿದಂತೆಯೇ. ಪೌರತ್ವದ ಮೊದಲ ಹೆಜ್ಜೆ ಹಸಿವಿಲ್ಲದಿರುವುದು. ಎರಡನೆಯದು, ಪಕ್ಕದವನಿಗೂ ಹಸಿವಾಗುತ್ತದೆಂಬ ಎಚ್ಚರ.

ಕೆಥೋಲಿಕರ ಶಾಲೆಗಳ ವಿಚಾರವನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತಿರುವುದು ಅನಾದರದಿಂದಲ್ಲ. ಅವುಗಳ ಕಥೆ ಪ್ರತ್ಯೇಕ ಲೇಖನಕ್ಕೆ ಅರ್ಹವಾದುದು. 1949ರಲ್ಲಿ ಬಳ್ಳಾರಿಯು ಧರ್ಮಪ್ರಾಂತ್ಯವಾಯಿತು. ಸೇಂಟ್ ಜಾನ್ಸ್, ಸೇಂಟ್ ಫಿಲೋಮಿನಾ ಮೊದಲಾದ ಶಾಲೆಗಳು ಊರಿನ ಮನೆಮಾತಾಗಿವೆ. ಕನ್ಯಾಸ್ತ್ರೀಯರ ಶಿಸ್ತನ್ನು ನಂಬಿ ಹೆಣ್ಣುಮಕ್ಕಳನ್ನು ಓದಿಗೆ ಕಳುಹಿಸಿದ ಹಿಂದೂ ಮುಸ್ಲಿಂ ಕುಟುಂಬಗಳು ಹಲವು. ಹಾಗೆಯೇ ಕೌಲ್ ಬಜಾರಿನ ಉರ್ದು ಶಾಲೆಗಳು ತಮ್ಮ ನುಡಿಯ ಸೌಜನ್ಯವನ್ನು, ‘ಆಪ್’ ಎಂದು ಕಿರಿಯರನ್ನೂ ಬಹುವಚನದಿಂದ ಕರೆಯುವ ಆ ಹಿತವಾದ ರೂಢಿಯನ್ನು, ಊರಿನ ನಡೆನುಡಿಗೆ ಸೇರಿಸಿವೆ.

ಶಾಲೆಯು ಹೇಳುವ ಪೌರಧರ್ಮವು ಬೀದಿಯಲ್ಲಿಯೂ ಉಂಟೆ ಎಂದು ಕೇಳುವವರಿಗೆ 1953ರ ಬಳ್ಳಾರಿಯನ್ನು ತೋರಿಸಬೇಕು. ಆಂಧ್ರ ರಾಜ್ಯವು ಪ್ರತ್ಯೇಕವಾಗುವ ಸಮಯದಲ್ಲಿ ಬಳ್ಳಾರಿಯು ಯಾರದೆಂಬ ವ್ಯಾಜ್ಯವೆದ್ದು, ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯೂ ಆಗಿ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿ ಸಿರುಗುಪ್ಪ ಮೊದಲಾದ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದುವು. ಆ ಸಂಭ್ರಮಕ್ಕಾಗಿ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದವರು ಪೈಲ್ವಾನ್ ರಂಜಾನ್ ಸಾಬರು. ಕಿಡಿಗೇಡಿಗಳು ಎಸೆದ ಆಸಿಡ್ ಬಲ್ಬಿಗೆ ಅವರು ಬಲಿಯಾದರು. ಕರ್ನಾಟಕದ ಏಕೀಕರಣಕ್ಕಾಗಿ ಪ್ರಾಣತೆತ್ತವರೆಂದು ಕನ್ನಡ ನಾಡು ಸ್ಮರಿಸುವ ಈ ಮಹನೀಯರು ಗರಡಿಯ ಮನುಷ್ಯರು. ಊರಿನ ಉತ್ಸವವು ತನ್ನದೆಂದೂ ಅದನ್ನು ಕಾಯುವ ಹೊಣೆ ತನ್ನದೆಂದೂ ತಿಳಿಯುವುದಕ್ಕಿಂತ ಮಿಗಿಲಾದ ಪೌರಧರ್ಮ ಯಾವುದಿದೆ? ಬಳ್ಳಾರಿಯ ಯಾವ ಶಾಲೆಯಾದರೂ, ಅದು ಯಾವ ಮತದವರದೇ ಆಗಿರಲಿ, ಪ್ರತಿವರ್ಷ ಆ ದಿನದಂದು ಮಕ್ಕಳಿಗೆ ಈ ವೃತ್ತಾಂತವನ್ನು ಹೇಳದಿದ್ದರೆ ಅದು ತನ್ನ ಕರ್ತವ್ಯದಲ್ಲಿ ಕೊರತೆಮಾಡಿದಂತೆಯೇ ಸರಿ.

ಸಿರುಗುಪ್ಪದ ಕಡೆಗೆ ಬಂದರೆ ಕೂಡಿಬಾಳುವ ಪಾಠಕ್ಕೆ ಶಾಲೆಯ ಹೊರಗಿನ ಬೇರುಗಳೂ ಕಾಣುತ್ತವೆ. ವಿಜಯನಗರದ ಅರಸರ ಕಾಲದ ಕಾಲುವೆಗಳಿಂದ ನೆಲ್ಲು ಬೆಳೆಯುತ್ತಿದ್ದ ಆ ತಾಲ್ಲೂಕಿಗೆ, ತುಂಗಭದ್ರಾ ಜಲಾಶಯದ ಕಾಲುವೆ ಬಂದಮೇಲೆ ಕರಾವಳಿ ಆಂಧ್ರದ ರೈತರು ಬಂದು ‘ಕ್ಯಾಂಪು’ಗಳನ್ನು ಮಾಡಿಕೊಂಡು ನೆಲೆಸಿದರು, ಅವರ ಮಕ್ಕಳು ಮನೆಯಲ್ಲಿ ತೆಲುಗಾಡುತ್ತ ಶಾಲೆಯಲ್ಲಿ ಕನ್ನಡ ಕಲಿತು ಇಲ್ಲಿಯವರೇ ಆದರು. ಮೊಹರಮ್ಮಿನಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ‘ಪೀರಲ ದೇವರು’ ಕೂಡುತ್ತವೆ. ಅಲಾಯಿ ಕುಣಿಯ ಸುತ್ತ ಹೆಜ್ಜೆಹಾಕುವವರಲ್ಲಿ, ಸಕ್ಕರೆ ಓದಿಸಿಕೊಂಡು ಬರುವವರಲ್ಲಿ, ಹರಕೆಹೊತ್ತು ಲಾಡಿ ಹಾಕಿಸಿಕೊಂಡು ಫಕೀರರಾಗುವವರಲ್ಲಿ ಹಿಂದೂಗಳು ಬಹುಮಂದಿ. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳಲ್ಲಿ ಸಹ ಈ ಹಬ್ಬ ನಿಲ್ಲದೆ ನಡೆಯುವುದುಂಟು. ಓದುಬರಹವಿಲ್ಲದ ಜನ ತಾವಾಗಿ ಕಟ್ಟಿಕೊಂಡ ಈ ಸೌಹಾರ್ದವನ್ನು ಓದುಬರಹದ ಶಾಲೆಯು ಕೆಡಿಸದಿರುವುದೇ ಒಂದು ದೊಡ್ಡ ಸೇವೆ. ಅದನ್ನು ಅರ್ಥಮಾಡಿಕೊಂಡು ಪುಷ್ಟಿಗೊಳಿಸುವುದು ಅದಕ್ಕಿಂತ ದೊಡ್ಡದು.

ಇದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಬಂಡೆಗಲ್ಲಿನ ಶಾಸನಗಳಿವೆ. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಬೆಳಕಿಗೆ ಬಂದ ಇವು, ಮಸ್ಕಿಯ ಶಾಸನದಂತೆಯೇ, ‘ದೇವಾನಾಂಪ್ರಿಯ’ನ ನಿಜನಾಮವನ್ನು ಹೇಳುವ ಅತಿ ವಿರಳ ಶಾಸನಗಳ ಪಂಕ್ತಿಗೆ ಸೇರಿದುವು. ಬ್ರಾಹ್ಮೀ ಲಿಪಿಯಲ್ಲಿ ಪ್ರಾಕೃತ ಭಾಷೆಯಲ್ಲಿ ಕೊರೆದ ಆ ಲಿಪಿಗಳು ಬೋಧಿಸುವುದು ಯಾವುದೇ ಗೂಢವಾದ ಸಿದ್ಧಾಂತವನ್ನಲ್ಲ: ತಾಯಿತಂದೆಗಳ ಸೇವೆ, ಹಿರಿಯರಲ್ಲಿ ವಿನಯ, ಪ್ರಾಣಿಗಳಲ್ಲಿ ದಯೆ, ಸತ್ಯವಾಕ್ಯ, ಶಿಷ್ಯನು ಆಚಾರ್ಯನಿಗೆ ಸಲ್ಲಿಸಬೇಕಾದ ಗೌರವ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಅವನ ಹನ್ನೆರಡನೆಯ ಶಿಲಾಶಾಸನವಂತೂ, ತನ್ನ ಮತವನ್ನು ಹೊಗಳುವ ಭರದಲ್ಲಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿಯನ್ನು ತರುತ್ತಾನೆಂಬ ವಿವೇಕವನ್ನು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಸಾರಿದೆ. ಬೌದ್ಧಶ್ರದ್ಧೆಯುಳ್ಳ ಅರಸನೊಬ್ಬನು ಎಲ್ಲ ಪಂಥಗಳ ಪ್ರಜೆಗಳಿಗಾಗಿ ಬರೆಯಿಸಿದ ಪಾಠವಿದು. ಸಿರುಗುಪ್ಪದ ಪ್ರತಿಯೊಂದು ಶಾಲೆಯ ಮಗುವೂ ನಿಟ್ಟೂರಿನ ಬಂಡೆಯ ಮುಂದೆ ಒಮ್ಮೆಯಾದರೂ ನಿಂತು ನೋಡಬೇಕು. ಊರಿನಿಂದ ಅಲ್ಲಿಗಿರುವ ದೂರ ಹೆಚ್ಚಲ್ಲ.

ಕುರುಗೋಡಿನ ವಿಚಾರವೂ ಹೀಗೆಯೇ. ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕಿನ ಕೇಂದ್ರವಾದ ಈ ಊರು ಪೂರ್ವದಲ್ಲಿ ಸಿಂದರ ರಾಜಧಾನಿ. ಇಲ್ಲಿಯ ಬೆಟ್ಟದ ತಪ್ಪಲಿನ ಪ್ರಾಚೀನ ದೇವಾಲಯಗಳೂ ಏಕಶಿಲೆಯ ಮಹಾನಂದಿಯಾದ ದೊಡ್ಡಬಸವೇಶ್ವರನೂ ಪ್ರಸಿದ್ಧ. ದೊಡ್ಡಬಸಪ್ಪನ ತೇರಿಗೆ ಸುತ್ತಲಿನ ಹಳ್ಳಿಗಳೆಲ್ಲ ನೆರೆಯುತ್ತವೆ. ಜಾತ್ರೆಯಲ್ಲಿ ಬಳೆ ಮಾರುವವನ ಮತವನ್ನು ಕೇಳಿ ಬಳೆ ತೊಡುವ ಹೆಣ್ಣುಮಗಳಿಲ್ಲ. ತೇರಿನ ಹಗ್ಗಕ್ಕೆ ಕೈಹಚ್ಚಿದವನ ಮನೆತನವನ್ನು ಆ ಗದ್ದಲದಲ್ಲಿ ವಿಚಾರಿಸುವವರಿಲ್ಲ. ಮಠದ ಆಶ್ರಯದಲ್ಲಿ ಓದುವ ಕುರುಗೋಡಿನ ಹುಡುಗನಿಗೆ ಪೌರನೀತಿಯನ್ನು ಹೇಳಿಕೊಡುವ ಉಪಾಧ್ಯಾಯರು ಜಾತ್ರೆಯ ಮಾರನೆಯ ದಿನ ಇದನ್ನೇ ಪಾಠದ ವಸ್ತುವಾಗಿ ಮಾಡಿಕೊಂಡರೆ, ಪುಸ್ತಕದಲ್ಲಿ ‘ಸಹಬಾಳ್ವೆ’ ಎಂದು ಅಚ್ಚಾಗಿರುವ ಒಣಪದಕ್ಕೆ ಜೀವ ಬರುತ್ತದೆ.

ಸ್ವತಂತ್ರ ಭಾರತದ ಸಂವಿಧಾನವು ಧರ್ಮಾಶ್ರಿತ ಶಾಲೆಗಳಿಗೆ ಗೌರವದ ಸ್ಥಾನವನ್ನೂ ಸ್ಪಷ್ಟವಾದ ಮಿತಿಯನ್ನೂ ಒಟ್ಟಿಗೆ ಕೊಟ್ಟಿತು. ಅಲ್ಪಸಂಖ್ಯಾತರು ತಮಗೆ ಬೇಕಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ಅನುಚ್ಛೇದವು ಎತ್ತಿಹಿಡಿಯಿತು. ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತಬೋಧೆ ಕೂಡದೆಂದೂ, ಸರಕಾರದ ಮನ್ನಣೆಯನ್ನೋ ನೆರವನ್ನೋ ಪಡೆದ ಶಾಲೆಯಲ್ಲಿ ವಿದ್ಯಾರ್ಥಿಯ, ಅವನು ಬಾಲಕನಾದರೆ ಪೋಷಕರ, ಸಮ್ಮತಿಯಿಲ್ಲದೆ ಮತಬೋಧೆಗಾಗಲಿ ಪೂಜೆ ಪ್ರಾರ್ಥನೆಗಳಿಗಾಗಲಿ ಅವನನ್ನು ಒತ್ತಾಯಿಸಕೂಡದೆಂದೂ 28ನೆಯ ಅನುಚ್ಛೇದವು ವಿಧಿಸಿತು. ಹಿಂದಿನವರು ವಾದಿಸಿ ಬೇಡಿದ್ದ ಅಂತಃಸಾಕ್ಷಿಯ ನಿಬಂಧನೆಯು ಹೀಗೆ ರಾಷ್ಟ್ರದ ಮೂಲಶಾಸನವೇ ಆಯಿತು. ಧಾರ್ಮಿಕ ಹಾಗೂ ನೈತಿಕ ಶಿಕ್ಷಣದ ವಿಚಾರಕ್ಕಾಗಿ 1959ರಲ್ಲಿ ನೇಮಕವಾದ ಶ್ರೀಪ್ರಕಾಶರ ಸಮಿತಿಯು, ದಿನದ ಆರಂಭದಲ್ಲಿ ಕೆಲವು ನಿಮಿಷಗಳ ಮೌನಧ್ಯಾನವನ್ನೂ, ಎಲ್ಲ ಧರ್ಮಗಳ ಮಹಾಪುರುಷರ ಜೀವನದ ಪರಿಚಯವನ್ನೂ ಶಾಲೆಗಳಿಗೆ ಶಿಫಾರಸು ಮಾಡಿತು. 1976ರ ತಿದ್ದುಪಡಿಯಿಂದ ಬಂದ ಮೂಲಭೂತ ಕರ್ತವ್ಯಗಳಲ್ಲಿ, ಧರ್ಮ ಭಾಷೆ ಪ್ರದೇಶಗಳ ಭೇದವನ್ನು ಮೀರಿದ ಸೋದರಭಾವವನ್ನು ಬೆಳೆಸುವುದು ಪ್ರತಿಯೊಬ್ಬ ಪ್ರಜೆಯ ಹೊಣೆಯೆಂದು ಸೇರಿತು. 2023ರಲ್ಲಿ ಕರ್ನಾಟಕ ಸರಕಾರವು ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯ ವಾಚನವನ್ನು ನಿಯಮವಾಗಿ ಮಾಡಿತು.

ವಾಚನವು ಒಳ್ಳೆಯದು; ಆದರೆ ಬಾಯಿಪಾಠವಾದುದೆಲ್ಲ ಎದೆಗಿಳಿಯುವುದಿಲ್ಲ. ಪೌರನೀತಿಯ ಪಾಠವು ನಮ್ಮಲ್ಲಿ ಸೋತಿರುವೆಡೆಗಳಲ್ಲೆಲ್ಲ ಸೋತುದು ಒಂದೇ ಕಾರಣದಿಂದ: ಪಾಠವು ಹೇಳಿದುದನ್ನು ಶಾಲೆಯ ನಡವಳಿಕೆಯು ಅಲ್ಲಗಳೆಯಿತು. ರಜಾ ಪಟ್ಟಿಯಲ್ಲಿ ಯಾರ ಹಬ್ಬಕ್ಕೆ ಎಡೆಯಿದೆ, ಉಪವಾಸದ ದಿನಗಳಲ್ಲಿ ಮಗುವಿಗೆ ಆಟದ ಗಂಟೆಯಲ್ಲಿ ವಿನಾಯಿತಿಯುಂಟೆ, ಹೆಸರನ್ನು ಕರೆಯುವಾಗ ಉಪಾಧ್ಯಾಯರು ಅದನ್ನು ಸರಿಯಾಗಿ ಉಚ್ಚರಿಸುತ್ತಾರೆಯೆ, ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗೆದ್ದ ದಲಿತ ಬಾಲಕಿಗೆ ವೇದಿಕೆಯಲ್ಲಿ ಕುರ್ಚಿ ದೊರೆಯುತ್ತದೆಯೆ, ಜಗಳವಾದಾಗ ವಿಚಾರಣೆಯು ಇಬ್ಬರ ಮಾತನ್ನೂ ಕೇಳಿ ನಡೆಯುತ್ತದೆಯೆ ಎಂಬ ಸಣ್ಣ ಸಂಗತಿಗಳನ್ನು ಮಕ್ಕಳು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತಾರೆಂಬುದು ಹಿರಿಯರಿಗೆ ತಿಳಿಯುವುದೇ ಇಲ್ಲ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನ್ಯಾಯವನ್ನು ಕಂಡ ಮಗು ದೊಡ್ಡದಾಗಿ ಕೋರ್ಟು ಕಚೇರಿಗಳಲ್ಲಿ ನ್ಯಾಯವನ್ನು ನಿರೀಕ್ಷಿಸುತ್ತದೆ. ಅಲ್ಲಿ ಕಾಣದ ಮಗು ಶಿಫಾರಸಿನ ದಾರಿಯನ್ನು ಬೇಗನೆ ಕಲಿಯುತ್ತದೆ.

ಧರ್ಮಾಶ್ರಿತ ಶಾಲೆಯು ತನ್ನ ಧರ್ಮವನ್ನು ಬಚ್ಚಿಟ್ಟುಕೊಂಡರೆ ಮಾತ್ರ ಸರ್ವಸಮಭಾವವು ಸಾಧ್ಯವೆಂದು ವಾದಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ತನ್ನ ಶ್ರದ್ಧೆ ಯಾವುದೆಂದು ನೇರವಾಗಿ ಹೇಳಿ, ‘ಇದು ನಮ್ಮದು, ನಿನ್ನದು ನಿನಗಿರಲಿ, ಇಬ್ಬರದೂ ಈ ಶಾಲೆ’ ಎಂದು ನಡೆದುಕೊಳ್ಳುವ ಸಂಸ್ಥೆಯಲ್ಲಿ ಮಗುವಿಗೆ ನಂಬಿಕೆಯ ಗಾಂಭೀರ್ಯವೂ ತಿಳಿಯುತ್ತದೆ, ಭಿನ್ನತೆಯ ಘನತೆಯೂ ತಿಳಿಯುತ್ತದೆ. ಸತ್ಯವೇದದ ನೆರೆಹೊರೆಯವನ ಪ್ರೀತಿಯಾಗಲಿ, ಶರಣರ ದಯೆಯಾಗಲಿ, ಕುರಾನಿನ ನ್ಯಾಯದ ಆಗ್ರಹವಾಗಲಿ ಪೌರಧರ್ಮಕ್ಕೆ ಹೊರಗಿನವಲ್ಲ. ಪರರನ್ನು ಹೀನರೆನ್ನುವುದಕ್ಕೆ ಅವನ್ನು ಆಯುಧವಾಗಿ ಹಿಡಿದಾಗ ಮಾತ್ರ ಅವು ಶಾಲೆಯ ಹೊಸ್ತಿಲನ್ನು ದಾಟಬಾರದು. ವಾರ್ಡ್ಲಾ ಶಾಲೆಯಿಂದ ಹೊರಬಂದ ಬ್ರಾಹ್ಮಣ, ಲಿಂಗಾಯತ, ಮುಸಲ್ಮಾನ ವಿದ್ಯಾರ್ಥಿಗಳು ತಮ್ಮ ತಮ್ಮ ಮತಗಳಲ್ಲಿಯೇ ಉಳಿದು, ತಮಗೆ ಓದು ಕಲಿಸಿದ ಪಾದ್ರಿಗಳನ್ನು ಕೃತಜ್ಞತೆಯಿಂದ ನೆನೆದರು. ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರವನ್ನು ಯಾವ ಶಾಲೆಯೂ ಬಯಸಲಾರದು.

ಈ ಲೇಖನವನ್ನು ಓದುವ ಶಾಲಾ ಆಡಳಿತ ಮಂಡಳಿಗಳ ಹಿರಿಯರಲ್ಲಿ ಒಂದು ವಿಜ್ಞಾಪನೆಯುಂಟು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಹಳೆಯ ಶಾಲೆಗಳ ಕಪಾಟುಗಳಲ್ಲಿ ದಾಖಲಾತಿ ಪುಸ್ತಕಗಳು, ಹಾಜರಿ ಪಟ್ಟಿಗಳು, ಇನ್‌ಸ್ಪೆಕ್ಟರುಗಳ ತನಿಖಾ ಟಿಪ್ಪಣಿಗಳು, ವಾರ್ಷಿಕೋತ್ಸವದ ವರದಿಗಳು ಗೆದ್ದಲಿಗೆ ಈಡಾಗದೆ ಇನ್ನೂ ಉಳಿದಿದ್ದರೆ, ಅವನ್ನು ರದ್ದಿಗೆ ಹಾಕಬೇಡಿರಿ. ಯಾವ ಕೇರಿಯ ಮಗು ಯಾವ ವರ್ಷ ಯಾರ ಪಕ್ಕದಲ್ಲಿ ಕುಳಿತು ಓದಿತೆಂಬುದನ್ನು ಹೇಳಬಲ್ಲ ಸಾಕ್ಷ್ಯ ಅವುಗಳನ್ನು ಬಿಟ್ಟರೆ ಬೇರೆ ಇಲ್ಲ. ಅವನ್ನು ನೆರಳಿನಲ್ಲಿ ಗಾಳಿಯಾಡಿಸಿ, ರಟ್ಟು ಕಟ್ಟಿಸಿ, ಛಾಯಾಪ್ರತಿ ತೆಗೆಯಿಸಿ ಕಾಪಾಡಿರಿ. ಪ್ರೌಢಶಾಲೆಯ ಮಕ್ಕಳ ಕೈಗೂ ಉಪಾಧ್ಯಾಯರ ಸಮ್ಮುಖದಲ್ಲಿ ಅವನ್ನು ಕೊಟ್ಟು, ತಮ್ಮ ಶಾಲೆಯ ಚರಿತ್ರೆಯನ್ನು ತಾವೇ ಬರೆಯುವಂತೆ ಅವರಿಗೆ ಹೇಳಿರಿ.